ಬೋಡಿಮೆಟ್ಟಿನಲ್ಲಿ ಎಣ್ಣೆ ಉಗುಳದ ಗರಗಸ

2022ರ ಡಿಸೆಂಬರ್. ತಮಿಳುನಾಡಿನಲ್ಲಿ ಬೆಟ್ಟದ ಬುಡಕ್ಕಿರುವ ಬೋಡಿನಾಯಕನೂರಿನಲ್ಲಿ ಚೈನ್‌ಸಾ, ಅಂದರೆ ಮರ ಕೊಯ್ಯುವ ಯಂತ್ರಗರಗಸ, ರಿಪೇರಿ ಮಾಡುವ ಅಂಗಡಿ ನನ್ನದು. ಮುಖ್ಯ ಎಂಜಿನಿಯರ್, ಸ್ಟೋರ್‌ಕೀಪರ್, ಕಸ ಗುಡಿಸುವವನು, ಈ ಎಲ್ಲ ಹುದ್ದೆಗಳನ್ನೂ ನಾನೊಬ್ಬನೇ ಅಲಂಕರಿಸಿದ್ದೆ. ಹುದ್ದೆಗಳ ನಡುವೆ ಭಿನ್ನಾಭಿಪ್ರಾಯ ತಲೆದೋರಿದ್ದು ಕೆಂಚಪ್ಪನ ಗರಗಸದ ವಿಷಯದಲ್ಲಿ ಮಾತ್ರ.

ಕೆಂಚಪ್ಪ ನಮ್ಮವನೇ, ಮನೆಯಲ್ಲಿ ಕನ್ನಡ ಆಡುವವನು. ಬೆಟ್ಟದ ಮೇಲೆ ಬೋಡಿಮೆಟ್ಟಿನ ಏಲಕ್ಕಿ ತೋಟಗಳಲ್ಲಿ ಮರ ಇಳಿಸುವುದು ಅವನ ಕಸುಬು. ಮಳೆಗೆ ಬುಡ ಸಡಿಲವಾದ ಒಂದು ಸಿಲ್ವರ್ ಓಕ್ ಮರ ಕೂಲಿಲೈನಿನ, ಅಂದರೆ ತೋಟದಾಳುಗಳ ಸಾಲುಮನೆಯ, ಪೇಚಿಯಕ್ಕನ ಮನೆಯ ಮೇಲೆ ವಾಲಿ ನಿಂತಿತ್ತು. ಕಡಿಯಲು ಅನುಮತಿ ಬಂದಿತ್ತು. ಹಗ್ಗ ಬಿಗಿದು ಎದುರಿನ ಖಾಲಿ ಜಾಗಕ್ಕೆ ಬೀಳಿಸಬೇಕು. ಕೊಯ್ತದ ಮಧ್ಯೆ ಗರಗಸ ಕಚ್ಚಿಕೊಂಡರೆ ಮರ ತನ್ನಿಚ್ಛೆಗೆ ಬೀಳುತ್ತದೆ. ಅದರ ಇಚ್ಛೆ ಏನೆಂಬುದು ಯಾರಿಗೂ ಗುಟ್ಟಾಗಿರಲಿಲ್ಲ.

"ಮಾಮಾ, ಚೈನು ಹೊಗೆ ಕಕ್ತದೆ. ಬಾರು ನೀಲಿಗಟ್ಟೋತು" ಎಂದು ಅವನು ಯಂತ್ರ ತಂದಿಟ್ಟ.

ಬಾರ್ ಎಂದರೆ ಚೈನು ಸುತ್ತುವ ಉಕ್ಕಿನ ಪಟ್ಟಿ. ಸಣ್ಣ ಪಂಪೊಂದು ಅದಕ್ಕೆ ಸದಾ ಎಣ್ಣೆ ಉಣಿಸುತ್ತಿರಬೇಕು. ಎಣ್ಣೆ ನಿಂತರೆ ಉಕ್ಕಿಗೆ ಉಕ್ಕು ಉಜ್ಜಿ ಕಾಯುತ್ತದೆ, ಚೈನು ಸಿಕ್ಕಿಕೊಳ್ಳುತ್ತದೆ. ಪರೀಕ್ಷೆ ಸುಲಭ: ಬಾರಿನ ತುದಿಯನ್ನು ಒಂದು ರಟ್ಟಿನತ್ತ ಹಿಡಿದು ಎಂಜಿನ್ ರೇಗಿಸಿದರೆ ರಟ್ಟಿನ ಮೇಲೆ ಎಣ್ಣೆಯ ಗೆರೆ ಮೂಡಬೇಕು. ಟ್ಯಾಂಕಿಗೆ ಎಣ್ಣೆ ಹಾಕಿ ಹಿಡಿದೆ. ಗೆರೆ ಮೂಡಿತು. ಆದರೂ ಫಿಲ್ಟರ್ ಬದಲಿಸಿ, ಬಾರಿನ ತೂತು ಚೊಕ್ಕ ಮಾಡಿ ಕಳಿಸಿದೆ. ಬೆಟ್ಟದ ಮೇಲೆ ಮತ್ತೆ ಅದೇ ಹೊಗೆ.

ಬಾರ್ ಉದ್ದನೆಯದು, ಪಂಪಿನ ಶಕ್ತಿ ಸಾಲದು ಎಂದು ಮುಖ್ಯ ಎಂಜಿನಿಯರ್ ತೀರ್ಪಿತ್ತರು. ಎಣ್ಣೆ ಹೆಚ್ಚುಕಮ್ಮಿ ಮಾಡಿಕೊಳ್ಳುವ ಸ್ಕ್ರೂ ಇರುವ ದೊಡ್ಡ ಪಂಪ್ ಕೂರಿಸಿದೆ. ಪರೀಕ್ಷೆಯಲ್ಲಿ ಗೋಡೆಯ ಕ್ಯಾಲೆಂಡರಿನ ಮುರುಗನಿಗೆ ತೈಲಾಭಿಷೇಕವೇ ಆಯಿತು. ಅದೇ ವಾರ ಕೆಂಚಪ್ಪ ಪುನಃ ಪ್ರತ್ಯಕ್ಷನಾದ.

"ಇದಕ್ಕೆ ಬೆಟ್ಟ ಒಗ್ಗಲ್ಲ ಮಾಮಾ. ನನ್ ಹೆಂಡ್ತಿ ತಮ್ಮನೂ ಅಂಗೇ. ಕೆಳಗೆ ಬಾಯಿ ಮುಚ್ಚಲ್ಲ, ಮೇಲೆ ಹತ್ತಿಸಿದ್ರೆ ಬಾಯಿ ತೆಗಿಯಲ್ಲ."

ನಾನು ಎತ್ತರ, ಗಾಳಿಯ ಒತ್ತಡ, ಟ್ಯಾಂಕಿನ ಗಾಳಿಕಂಡಿ ಎಲ್ಲವನ್ನೂ ಗಂಭೀರವಾಗಿ ಚಿಂತಿಸಿ, ಕೊನೆಗೆ ಚಿಂತೆ ಬಿಟ್ಟು ಅವನ ಬೈಕ್ ಹತ್ತಿದೆ.

ಮಧ್ಯಾಹ್ನ ಗಾಳಿ ಏಳುವ ಮುಂಚೆ ಮರ ಇಳಿಸಬೇಕೆಂದು ಬೆಳಗಿನ ಚಳಿಯಲ್ಲೇ ಕೆಲಸ. ಪೇಚಿಯಕ್ಕ ಏಲಕ್ಕಿ ಒಣಗಿಸುವ ಶೆಡ್ಡಿಗೆ ಪಾತ್ರೆ ಪಡಗ ಸಾಗಿಸಿಕೊಂಡು, ಅದರ ಮೆಟ್ಟಿಲ ಮೇಲೆ ಕೂತಿದ್ದರು.

"ಡಾಕ್ಟ್ರು ಬಂದ್ರಾ? ಬಿದ್ದೋಗೋ ಮರ ಸುಕವಾಗೇ ಅದೆ, ಕಡಿಯೋ ಮಿಸಿನ್‌ಗೆ ತಾನೆ ಸೀಕು" ಎಂದರು.

ಕೆಂಚಪ್ಪ ಎಂಜಿನ್ ರೇಗಿಸಿದ. ರಟ್ಟು ಒಣಗಿಯೇ ಉಳಿಯಿತು. ಎಂಜಿನ್ ಆರಿಸಿ ಎಣ್ಣೆಯ ಮುಚ್ಚಳ ತಿರುಗಿಸಿದೆ. ಒಳಗೆ ಬೆಳ್ಳಗೆ, ಗಟ್ಟಿಯಾಗಿ, ಬೆರಳಿಟ್ಟರೆ ಮೇಣದಂತೆ. ಮೂಸಿದೆ. ತಲೆಗೆ ಹಚ್ಚುವ ವಾಸನೆ.

"ಇದೇನೋ ಮಾಪ್ಳೆ?" ಎಂದು ಕೆಂಚಪ್ಪನನ್ನು ಕೇಳಿದೆ.

"ತೆಂಗಿನೆಣ್ಣೆ. ಎಂಜಿನ್ ಕಪ್ಪೆಣ್ಣೆ ಗಿಡಕ್ಕೆ ಸಿಡಿದ್ರೆ ಏಲಕ್ಕಾಯಿ ವಾಸನೆ ಕೆಡ್ತದೆ, ಬೇಡ ಅಂದ್ರು ಮೊದಲಾಳಿ."

"ಅಂಗಡೀಗೆ ತಂದಾಗ ಟ್ಯಾಂಕು ಖಾಲಿ ಇತ್ತಲ್ಲ?"

"ತೊಳ್ದು ತಾನೆ ತಂದೆ. ಕೊಳೆ ಸಾಮಾನು ಇನ್ನೊಬ್ಬರ ಕೈಗೆ ಕೊಡ್ಬೌದಾ ಮಾಮಾ? ಮರಿಯಾದೆ ಇಲ್ವಾ?"

ನಮ್ಮ ಮನೆಗಳಲ್ಲಿ ಗುದ್ದಲಿಯನ್ನೂ ತೊಳೆಯದೆ ಬೇರೆಯವರ ಕೈಗೆ ಕೊಡುವುದಿಲ್ಲ. ಹೀಗೆ ಪ್ರತಿ ಸಲವೂ ಅವನು ರೋಗವನ್ನು ಸೀಮೆಎಣ್ಣೆಯಲ್ಲಿ ಜಾಲಿಸಿ ಚೆಲ್ಲಿ, ರೋಗಿಯನ್ನು ಮಾತ್ರ ನನಗೆ ಒಪ್ಪಿಸಿದ್ದ. ನಾನು ನನ್ನ ಎಣ್ಣೆ ತುಂಬಿ ಆರೋಗ್ಯವಂತನೆಂದು ಸರ್ಟಿಫಿಕೇಟ್ ಕೊಟ್ಟಿದ್ದೆ. ಕೆಲಸದ ಹಿಂದಿನ ಸಂಜೆ ಅವನು ಅದನ್ನು ಚೆಲ್ಲಿ ತೆಂಗಿನೆಣ್ಣೆ ತುಂಬಿಡುತ್ತಿದ್ದ. ಕೆಳಗೆ ಬೋಡಿಯ ಹಗಲಿಗೆ ನೀರಾಗಿರುವ ತೆಂಗಿನೆಣ್ಣೆ ಬೋಡಿಮೆಟ್ಟಿನ ಬೆಳಗಿಗೆ ಹೆಪ್ಪುಗಟ್ಟುತ್ತದೆ. ಹೆಪ್ಪನ್ನು ಯಾವ ಪಂಪೂ ಹೀರದು.

ಮೊದಲಾಳಿ, ಅಂದರೆ ತೋಟದ ಯಜಮಾನ, ಹೇಳಿದ ಮಾತೂ ನ್ಯಾಯವೇ. ಈ ಚಳಿಗೆ ಹೆಪ್ಪಾಗದ, ಚೈನಿಗೆ ಅಂಟಿಕೊಳ್ಳುವ ಎಣ್ಣೆ ಹರಳೆಣ್ಣೆ. ಅದು ತೀರ ಮಂದ, ಎಳ್ಳೆಣ್ಣೆ ಬೆರೆಸಿ ತೆಳು ಮಾಡಬೇಕು. ಎರಡನ್ನೂ ಪೇಚಿಯಕ್ಕನನ್ನೇ ಕೇಳಿದೆ.

"ದೀಪದೆಣ್ಣೇನೂ ಬೇಕು, ಅಡಿಗೆ ಎಣ್ಣೇನೂ ಬೇಕು. ಮನೆ ಉಳಿಸಿದ್ರೆ ಬೆಲ್ಲಾನೂ ಕೊಡ್ತೀನಿ, ಕುಡಿಸು ತಮ್ಮಾ."

ಬಿಸಿನೀರಿನ ಬಟ್ಟೆ ಒತ್ತಿ ತೆಂಗಿನೆಣ್ಣೆ ಕರಗಿಸಿ ಚೆಲ್ಲಿ, ಹೊಸ ಮಿಶ್ರಣ ತುಂಬಿ, ಪಂಪಿನ ಸ್ಕ್ರೂ ಪೂರ್ತಿ ತೆರೆದೆ. ಮಂದ ಎಣ್ಣೆಗೆ ದೊಡ್ಡ ಪಂಪೇ ಬೇಕಾಯಿತು. ಮುಖ್ಯ ಎಂಜಿನಿಯರರ ಮಾನ ಅಷ್ಟರಮಟ್ಟಿಗೆ ಉಳಿಯಿತು. ರಟ್ಟಿನ ಮೇಲೆ ಗೆರೆ ಬಿತ್ತು.

ಕೆಂಚಪ್ಪ ಮರ ಬೀಳಬೇಕಾದ ಕಡೆಗೆ ಬುಡದಲ್ಲಿ ಬಾಯಿಯಂಥ ಕಚ್ಚು ಕೊಯ್ದು, ಹಿಂದಿನಿಂದ ಗರಗಸ ಇಟ್ಟ. ಹಗ್ಗ ಹಿಡಿದವರು ಎಳೆದರು. ಹೊಗೆಯಿಲ್ಲ, ಚೈನು ಎಲ್ಲೂ ತಡೆಯಲಿಲ್ಲ. ಮರ ಒಮ್ಮೆ ಮನೆಯ ಕಡೆ ನೋಡಿದಂತೆ ಮಾಡಿ, ಮನಸ್ಸು ಬದಲಿಸಿ, ಖಾಲಿ ಜಾಗಕ್ಕೆ ಒರಗಿತು.

ಪೇಚಿಯಕ್ಕ ಮನೆ ಸುತ್ತಿ ಬಂದರು. "ಈ ಹೆಂಚು ಒಡೆದದೆ."

"ಅದು ಹೋದ ವರ್ಸದ್ದು ಅಕ್ಕಾ" ಎಂದ ಕೆಂಚಪ್ಪ.

"ಹೋದ ವರ್ಸ ಮೊದಲಾಳಿ ನೋಡ್ಲಿಲ್ಲ. ಇವತ್ತು ನೋಡ್ಲಿ" ಎಂದು ಹೇಳಿ, ಪಾತ್ರೆಗಳನ್ನು ಮನೆಯೊಳಕ್ಕೆ ಹೊರತೊಡಗಿದರು.

ಯಂತ್ರ ಸುಳ್ಳು ಹೇಳುವುದಿಲ್ಲ, ನಿಜ. ಆದರೆ ಅಂಗಡಿಯ ಮೇಜಿನ ಮೇಲೆ ಅದು ಅಂಗಡಿಯ ಸತ್ಯವನ್ನಷ್ಟೇ ಹೇಳುತ್ತದೆ. ಮರದ ಬುಡದ ಸತ್ಯ ಬೇಕಾದವನು ಬೆಳಗಿನ ಚಳಿಯಲ್ಲಿ ಮರದ ಬುಡಕ್ಕೇ ಹೋಗಬೇಕು.