ಕೊಂಡಿ ಹೊಳೆದದ್ದು ಯಾರಿಗೆ

ಪೇಟೆಂಟ್ ಕಚೇರಿಗೆ ಹೋಗುವ ಅರ್ಜಿಗಳನ್ನು ಸಿದ್ಧಪಡಿಸಿ ಸಹಿ ಹಾಕುವುದು ಆಕೆಯ ಕಸುಬು. ಎಲ್ಲರ ಬಾಯಲ್ಲೂ ಏಜೆಂಟಮ್ಮ. ಝೆರಾಕ್ಸ್ ಅಂಗಡಿಯ ಮೇಲೆ ಒಂದೇ ಕೋಣೆ. ಕೆಳಗಿನ ಯಂತ್ರದ ಬಿಸಿ ನೆಲಕ್ಕೂ ಹತ್ತುತ್ತಿತ್ತು. ಬಂದವರು ಎಷ್ಟೇ ಅವಸರದಲ್ಲಿರಲಿ, ಆಕೆ ಪೆನ್ನಿಗೆ ಮುಚ್ಚಳ ಹಾಕಿಟ್ಟು, "ಇದು ಹೇಗೆ ಹೊಳೀತು, ಮೊದಲಿಂದ ಹೇಳಿ" ಎನ್ನುತ್ತಿದ್ದಳು. ಬರೆದದ್ದೆಲ್ಲ ತಾನು ತಿಳಿದಮಟ್ಟಿಗೆ ನಿಜ ಎಂದು ಕೊನೆಗೆ ಸಹಿ ಹಾಕಬೇಕಾದವಳು ಅವಳೇ.

ಒಂದು ದಿನ ಸ್ವಂತ ಅಣ್ಣನೇ ಬಂದ. ವೆಲ್ಡಿಂಗ್ ಕೆಲಸದವನು. ಭಾರ ಬಿದ್ದಷ್ಟೂ ಕೊಂಡಿ ಬಿಗಿಯಾಗುವಂಥ ಮಡಚುವ ಏಣಿ ಮಾಡಿದ್ದ. ಕಂಡುಹಿಡಿದವನು ತಾನೊಬ್ಬನೇ ಎಂಬ ಘೋಷಣೆಗೆ ಆಗಲೇ ಸಹಿಯನ್ನೂ ಹಾಕಿ ತಂದಿದ್ದ.

"ಹೇಗೆ ಹೊಳೀತು ಅಣ್ಣಾ?"

"ನನಗೂ ವಿಚಾರಣೇನಾ? ಗೋಡೆಗೆ ಬಣ್ಣ ಬಳೀತಿದ್ದೆ. ಕೊಂಡಿ ಕಳಚ್ಕೊಂಡು ಸೊಂಟ ಮುರೀಬೇಕಿತ್ತು. ಏಣಿ ಹಿಡ್ಕೊಂಡಿದ್ದ ನಿಮ್ಮತ್ತಿಗೆ, 'ಅದನ್ನ ತಲೆಕೆಳಗು ಮಾಡಿ ಕೂರಿಸ್ರೀ, ನಿಮ್ಮ ಭಾರಕ್ಕೇ ಕಚ್ಕೊಳ್ಳುತ್ತೆ' ಅಂದ್ಲು. ಆಮೇಲೆ ಬೆವರು ಸುರಿಸಿದ್ದೆಲ್ಲ ನಾನೇ."

ತಂಗಿ ಅವನು ತಂದ ಕಾಗದಗಳನ್ನು ತಿರುವಿ ನೋಡಿದಳು. ಹೊಸದು ಎಂದು ಅರ್ಜಿಯಲ್ಲಿ ಹೇಳಿಕೊಂಡಿದ್ದೇ ಆ ತಲೆಕೆಳಗಾದ ಕೊಂಡಿಯನ್ನು.

"ಹಾಗಾದ್ರೆ ಅತ್ತಿಗೆ ಹೆಸರೂ ಬರ್ಬೇಕು. ಇಲ್ದಿದ್ರೆ ನಾನು ಸಹಿ ಹಾಕಲ್ಲ."

"ಬಾಯಿಮಾತಿಗೆ ಅಂದಿದ್ದಕ್ಕೆಲ್ಲ ಹೆಸರಾ? ಒಡಹುಟ್ಟಿದವಳು ಅಂತ ನಿನ್ನ ಹತ್ರ ಬಂದೆ ನೋಡು!" ಅಣ್ಣ ಕಾಗದ ಕಿತ್ತುಕೊಂಡು ದಡದಡ ಮೆಟ್ಟಿಲಿಳಿದ.

ಅಂದು ಆಕೆಗೆ ಊಟ ಸೇರಲಿಲ್ಲ. ಬೇರೆ ಏಜೆಂಟರ ಬಳಿ ಅಣ್ಣ ಅತ್ತಿಗೆಯ ಮಾತೆತ್ತದಿದ್ದರೆ ಅವನ ಕೆಲಸ ಆಗಿಯೇ ಆಗುತ್ತದೆ. ತವರಿಗೆ ಬೇಡವಾಗುವವಳು ತಾನು. ಆದರೂ ಫೋನೆತ್ತಿ 'ಹೋಗಲಿ ಬಿಡು' ಎನ್ನಲು ಮನಸ್ಸು ಬರಲಿಲ್ಲ.

ಕೆಲವು ದಿನಗಳ ಮೇಲೆ ಗಂಡ ಹೆಂಡತಿ ಇಬ್ಬರೂ ಬಂದರು. ಅಣ್ಣ ಬಾಗಿಲಲ್ಲೇ ನಿಂತ.

"ಮನೇಲಿ ನಿನ್ನನ್ನ ಬಾಯಿಗೆ ಬಂದಂಗೆ ಬೈದೆ. ಇವಳು ನನ್ನ ಪರ ಮಾತಾಡ್ತಾಳೆ ಅಂದ್ಕೊಂಡಿದ್ದೆ. ತುಟಿ ಪಿಟಿಕ್ ಅನ್ನದೆ ಪಾತ್ರೆ ತೊಳೀತಾ ನಿಂತ್ಲು. ಜಗಳ ಆಡಿದ್ರೂ ತಡ್ಕೋತಿದ್ದೆ."

ಅತ್ತಿಗೆ ಸೆರಗಿನ ತುದಿ ತಿರುವುತ್ತಾ, "ನನಗೇನು ಹೆಸರಿನ ಹುಚ್ಚಿಲ್ಲಮ್ಮ. ಆದ್ರೆ ಹೇಳಿದ್ದು ನಾನೇ ಅಲ್ವಾ?" ಎಂದಳು.

"ನೀವೇ ಅತ್ತಿಗೆ."

ಹೊಸ ಘೋಷಣೆ ಸಿದ್ಧವಾಯಿತು. ಅತ್ತಿಗೆ ಕನ್ನಡಕ ಹಾಕಿಕೊಂಡು ಪ್ರತಿ ಸಾಲನ್ನೂ ಓದಿದಳು. "ನೀನು ಓದಿ ಮುಗಿಸೋಷ್ಟರಲ್ಲಿ ಏಣಿಗೆ ತುಕ್ಕು ಹಿಡಿಯುತ್ತೆ" ಎಂದ ಅಣ್ಣ. ಅವಳು ನಕ್ಕರೂ ಓದುವುದನ್ನು ಬಿಡಲಿಲ್ಲ. ಕೊನೆಯ ಸಾಲನ್ನೂ ಮುಗಿಸಿಯೇ ಸಹಿ ಹಾಕಿದಳು. ಅದರ ಕೆಳಗೆ ಏಜೆಂಟಮ್ಮ ನಿಶ್ಚಿಂತೆಯಿಂದ ತನ್ನ ಸಹಿ ಹಾಕಿದಳು.

ಪೇಟೆಂಟ್ ಬರಲು ವರ್ಷಗಳೇ ಹಿಡಿದವು. ಅಣ್ಣ ತಂಗಿಯರ ಮಾತು ಮೊದಲಿನ ಸಲಿಗೆಗೆ ಮರಳಲೂ ಸಾಕಷ್ಟು ಸಮಯ ಬೇಕಾಯಿತು. ಈಗ ಗಿರಾಕಿಗಳು ಕೊಂಡಿಯ ಬಗ್ಗೆ ಕೇಳಿದರೆ ಅಣ್ಣ, "ಒಳಗೆ ಇದ್ದಾಳೆ, ಅವಳನ್ನೇ ಕೇಳಿ" ಎನ್ನುತ್ತಾನೆ. ಅತ್ತಿಗೆ ಬಾಗಿಲ ಚಿಲಕವೊಂದರ ಹಿಂದೆ ಬಿದ್ದಿದ್ದಾಳೆ. ಅದೇನೆಂದು ಗಂಡನಿಗೂ ಹೇಳಿಲ್ಲ.