ಕಿರುಬೆರಳಿಗೆ ತಗುಲಿದ ಚೆಂಡು

ವಿದ್ಯಾರ್ಥಿನಿಲಯದ ಅಡುಗೆಯವಳನ್ನು ಎಲ್ಲರೂ ಕರೆಯುವುದು ಸೀಟಿಯಕ್ಕ ಎಂದೇ. ಇನ್ನೂರು ಜನರಿಗೆ ಬೇಯಿಸಿ ಬಡಿಸಿ, ಕೊಪ್ಪರಿಗೆ ತಿಕ್ಕಿ ಮುಗಿಸಿದವಳು ಭಾನುವಾರ ಸಂಜೆ ಕೊರಳಿಗೆ ಸೀಟಿ ಹಾಕಿಕೊಂಡು ವಾಲಿಬಾಲ್ ಅಂಕಣದಲ್ಲಿ ರೆಫರಿಯ ಎತ್ತರದ ಕುರ್ಚಿ ಹತ್ತುತ್ತಿದ್ದಳು. ಅವಳ ತೀರ್ಪಿಗೆ ಎದುರು ಮಾತಿಲ್ಲ ಎನಿಸಿಕೊಳ್ಳಲು ಹದಿನೈದು ವರ್ಷ ಹಿಡಿದಿತ್ತು.

ಅದಕ್ಕಾಗಿ ಪ್ರೀತಿಸಿದವನನ್ನೂ ಕಳೆದುಕೊಂಡಿದ್ದಳು. "ಮದುವೆ ಆದ್ಮೇಲೆ ಸೀಟಿ ಗೀಟಿ ನಡೆಯಲ್ಲ" ಎಂದಿದ್ದ ಆ ಎಲೆಕ್ಟ್ರಿಷಿಯನ್. ಇವಳು ಒಪ್ಪಲಿಲ್ಲ. ಇವರಿಬ್ಬರ ಪ್ರೇಮಪತ್ರ ಸಾಗಿಸುತ್ತಿದ್ದ ಜೀವದ ಗೆಳತಿಯೇ ಆರು ತಿಂಗಳಲ್ಲಿ ಅವನನ್ನು ಮದುವೆಯಾದಳು. ಇವಳಿಗೆ ಒಂದು ಮಾತೂ ಹೇಳಿರಲಿಲ್ಲ. ಆಮೇಲೆ ಎಂಟು ವರ್ಷ, ಎದುರಾದರೆ ಗೆಳತಿಯರಿಬ್ಬರೂ ದಾರಿ ಬದಲಿಸುತ್ತಿದ್ದರು.

ಈಗ ಊರ ಪಂದ್ಯಾವಳಿಯ ಫೈನಲ್. ನರ್ಸ್‌ಗಳಿಗೂ ನೂಲಿನ ಗಿರಣಿಯ ಹೆಂಗಸರಿಗೂ ಹಣಾಹಣಿ. ಗಿರಣಿ ತಂಡದ ನಾಯಕಿ ಅದೇ ಗೆಳತಿ. ಆಟಕ್ಕೆ ಮುಂಚೆ ಬೇಲಿಯ ಪಕ್ಕ ಎಲೆಕ್ಟ್ರಿಷಿಯನ್ ಹೆಂಡತಿಗೆ ಹೇಳಿದ್ದು ಸೀಟಿಯಕ್ಕನ ಕಿವಿಗೂ ಬಿತ್ತು.

"ಇವತ್ತು ಸೋತ್ರೆ ಇದೇ ಕೊನೆ ಆಟ. ಪಾತ್ರೆ ಬಟ್ಟೆ ಯಾರು ತೊಳೀತಾರೆ?"

"ನಿಮಗೂ ಎರಡು ಕೈ ಇದೆಯಲ್ಲ" ಎಂದು ಗೊಣಗಿದಳು ನಾಯಕಿ. ತಲೆ ಮಾತ್ರ ತಗ್ಗಿಯೇ ಇತ್ತು.

ಕೊನೆಯ ಸೆಟ್. ನರ್ಸ್‌ಗಳು ಹದಿನಾಲ್ಕು, ಗಿರಣಿ ಹದಿಮೂರು. ಇನ್ನೊಂದು ಅಂಕ ಬಿಟ್ಟುಕೊಟ್ಟರೆ ಗಿರಣಿ ಸೋತಂತೆ. ಚೆಂಡು ಮೇಲೆದ್ದಿತು. ನಾಯಕಿ ಹಾರಿದಳು, ಬೀಸಿ ಹೊಡೆದಳು! ಬಲೆಯಾಚೆ ತಡೆಯಲು ನೆಗೆದ ಕುಳ್ಳ ನರ್ಸಿನ ಕಿರುಬೆರಳು ಸವರಿಕೊಂಡು ಚೆಂಡು ಗೆರೆಯ ಹೊರಗೆ ಬಿತ್ತು. ಗೆರೆ ಕಾಯುವವನು "ಔಟ್!" ಎಂದು ಬಾವುಟ ಎತ್ತಿದ. ನರ್ಸ್‌ಗಳು ಅಪ್ಪಿಕೊಂಡು ಕುಣಿದರು. ಬೆರಳು ಅಲುಗಿದ್ದು ಕಂಡದ್ದು ಸೀಟಿಯಕ್ಕನಿಗೆ ಮಾತ್ರ. ತಡೆದವರ ಕೈಗೆ ತಗುಲಿ ಚೆಂಡು ಹೊರಗೆ ಬಿದ್ದರೆ ಅಂಕ ಹೊಡೆದವರಿಗೆ.

ಸುಮ್ಮನಿದ್ದರೆ ಸಾಕಿತ್ತು. ಎಂಟು ವರ್ಷದ ಹೊಟ್ಟೆಯುರಿಗೆ ಒಂದು ಕೊಡ ತಣ್ಣೀರು ಸುರಿದಂತಾಗುತ್ತಿತ್ತು. ಆಟ ಬಿಟ್ಟ ಗೆಳತಿ ಪಾತ್ರೆ ರಾಶಿಯ ಮುಂದೆ ಕುಕ್ಕರಿಸಿದ್ದು ಕಣ್ಣಿಗೆ ಕಟ್ಟಿತು. ಒಂದು ಗಳಿಗೆ ಖುಷಿಯೂ ಆಯಿತು. ಮರುಗಳಿಗೆ, ಅಲ್ಲಿ ಬಾಗಿದ ಬೆನ್ನು ತನ್ನದೂ ಆಗಬಹುದಿತ್ತು ಅನ್ನಿಸಿತು.

ಸೀಟಿ ಊದಿದಳು. ಒಂದು ಕೈ ಎತ್ತಿ, ಅದರ ಬೆರಳ ತುದಿಗಳ ಮೇಲೆ ಇನ್ನೊಂದು ಕೈ ಸವರಿ ತೋರಿಸಿದಳು. ಚೆಂಡು ತಗುಲಿದೆ, ಅಂಕ ಗಿರಣಿಗೆ!

ಮೈದಾನ ಹೋ ಎಂದಿತು. "ಯಾರಾದ್ರೂ ಅವಳಿಗೆ ಕನ್ನಡಕ ಕೊಡ್ಸ್ರಪ್ಪಾ!"

"ಸಿಸ್ಟರ್, ನೀವೇ ಹೇಳಿ" ಎಂದಳು ಸೀಟಿಯಕ್ಕ.

ಕುಳ್ಳ ನರ್ಸ್ ಆಕಾಶ ನೋಡಿದಳು, ನೆಲ ನೋಡಿದಳು. "ಒಂಚೂರು..."

"ಒಂಚೂರು ತಗುಲಿದ್ರೂ ತಗುಲಿದ್ದೇ ಕಣಮ್ಮಾ!" ಎಂದಳು ಸೀಟಿಯಕ್ಕ.

ಜನ ಗೊಳ್ಳೆಂದರು. ಹದಿನಾಲ್ಕು ಸಮ. ಮತ್ತೆರಡು ಹೊಡೆತ, ಗಿರಣಿ ಗೆದ್ದೇ ಬಿಟ್ಟಿತು!

ಎಲೆಕ್ಟ್ರಿಷಿಯನ್ ಮೀಸೆ ತೀಡುತ್ತ ಕುರ್ಚಿಯ ಬುಡಕ್ಕೆ ಬಂದ. "ನನ್ನ ಇನ್ನೂ ಮರ್ತಿಲ್ಲ ಅಲ್ವಾ?"

"ಅಯ್ಯೋ, ನೀನೂ ಬಂದಿದ್ಯಾ? ಚೆಂಡು ನೋಡ್ತಾ ಗೊತ್ತೇ ಆಗ್ಲಿಲ್ಲ!"

ಅವನನ್ನು ಪಕ್ಕಕ್ಕೆ ತಳ್ಳಿಕೊಂಡು ನಾಯಕಿ ಓಡಿಬಂದಳು. ಏದುಸಿರು, ಕಣ್ಣಲ್ಲಿ ನೀರು. "ಆವತ್ತು ನಿಂಗೆ ಹೇಳ್ಬೇಕಿತ್ತು ಕಣೇ. ತಪ್ಪಾಯ್ತು."

"ಹೇಳ್ಬೇಕಿತ್ತು" ಎಂದು ಸೀಟಿಯಕ್ಕ ಕೆಳಗಿಳಿದಳು. "ಅಂಕ ನಿಂದೇ ಆಗಿತ್ತು, ಅದಕ್ಕೆ ಕೊಟ್ಟೆ. ಕ್ಷಮೆ ಬೇರೆ. ಅದನ್ನ ಈಗ ಕೊಡ್ತಿದೀನಿ, ತಗೋ."

ನಾಯಕಿ ಬಾಚಿ ತಬ್ಬಿಕೊಂಡಳು.

"ಥೂ, ಬಿಡೇ! ಬೆವರು ನಾರ್ತಿದೀಯ!" ಎಂದಳು ಸೀಟಿಯಕ್ಕ. ತಬ್ಬಿದ ತನ್ನ ಕೈ ಮಾತ್ರ ಸಡಿಲಿಸಲಿಲ್ಲ.