ಪುಟ್ಟಿಯ ಬಾಲದ ಕೆಂಪು

ಮೃಗಾಲಯದ ಹಾವಿನ ಮನೆಯಲ್ಲಿ ಕೆಲಸಕ್ಕೆ ಸೇರಿದ ಮೊದಲ ವಾರವೇ ನಾನೊಂದು ಘನಕಾರ್ಯ ಮಾಡಿದೆ. ಆಗಷ್ಟೇ ಪೊರೆ ಬಿಟ್ಟಿದ್ದ ಬೋವಾ ಹಾವಿನ ಬಾಲ ಗಾಜಿನ ಗೂಡಿನೊಳಗೆ ಕೆಂಪಗೆ ಹೊಳೆಯುತ್ತಿತ್ತು. ರಕ್ತವೆಂದುಕೊಂಡು ಎದ್ದೆನೋ ಬಿದ್ದೆನೋ ಎಂದು ಓಡಿ, ಊಟಕ್ಕೆ ಕೂತಿದ್ದ ವೈದ್ಯರನ್ನು ಎಬ್ಬಿಸಿಕೊಂಡು ಬಂದೆ. ಅವರು ಹಾವನ್ನು ನೋಡಿ, ಆಮೇಲೆ ನನ್ನನ್ನು ನೋಡಿ, “ಅದರ ಬಾಲ ಹುಟ್ಟಿದಾಗಿಂದ ಹಾಗೇ ಇದೆ. ನಿನ್ನ ತಲೆ?” ಎಂದು ಕೇಳಿ ವಾಪಸ್ ಊಟಕ್ಕೆ ಹೋದರು.

ಅವತ್ತು ನಗದೇ ಇದ್ದವರು ಅಕ್ಕ ಒಬ್ಬರೇ. ಹಾವುಗಳನ್ನು ನೋಡಿಕೊಳ್ಳುವ ಹಿರಿಯ ಕೆಲಸಗಾರ್ತಿ ಅವರು. ವಯಸ್ಸಿನಲ್ಲಿ ಅವರಿಗಿಂತ ದೊಡ್ಡವರೂ ಅವರನ್ನು ಅಕ್ಕ ಎಂದೇ ಕರೆಯುತ್ತಿದ್ದರು. “ಹಾವನ್ನ ನೋಡಿದ್ಯಲ್ಲ, ಅಷ್ಟೇ ಸಾಕು. ಮಿಕ್ಕೋರು ಬೋರ್ಡ್ ನೋಡ್ಕೊಂಡು ಹೋಗ್ತಾರೆ,” ಎಂದರು. ಸಮಾಧಾನ ಹೇಳಿದರೋ ಕಾಲೆಳೆದರೋ, ಇವತ್ತಿಗೂ ಗೊತ್ತಿಲ್ಲ.

ಆ ಹಾವಿನ ಹೆಸರು ಪುಟ್ಟಿ. ಇಬ್ಬರು ಸೇರಿ ಎತ್ತಬೇಕಾದ ಪುಟ್ಟಿ! ಕದ್ದು ಸಾಗಿಸುವಾಗ ಸಿಕ್ಕಿಬಿದ್ದ ಮರಿಗಳಲ್ಲಿ ಉಳಿದದ್ದು ಅದೊಂದೇ. ಆಗ ಹಾವಿನ ಮನೆಯ ಚಾವಣಿ ರಿಪೇರಿಯಲ್ಲಿತ್ತು. ಅಕ್ಕ ಮರಿಯನ್ನು ಡಬ್ಬಿಯಲ್ಲಿ ಮನೆಗೊಯ್ದು ಫ್ರಿಜ್ಜಿನ ಮೇಲಿಟ್ಟು ಸಾಕಿದರು. ಬಸ್ ಓಡಿಸುವ ಅವರ ಗಂಡ ಆ ಬೇಸಿಗೆಯಿಡೀ ತಣ್ಣೀರು ಕುಡಿಯಲಿಲ್ಲವಂತೆ. “ನಾನು ಜ್ವರ ಬಂದು ಮಲಗಿದ್ರೂ ಇವಳು ಇಷ್ಟು ಸಲ ಬಂದು ನೋಡಿರ್ಲಿಲ್ಲ ಕಣಪ್ಪ,” ಎಂದು ಅವರೇ ನನ್ನೆದುರು ದೂರಿದ್ದರು. “ನೀವು ಬಾಯ್ಬಿಟ್ಟು ಕೇಳ್ತಿದ್ರಿ. ಅದು ಕೇಳ್ತಿರ್ಲಿಲ್ಲ,” ಎಂದರು ಅಕ್ಕ.

ತೊಂದರೆ ಶುರುವಾದದ್ದು ಇನ್ನೊಂದು ಮೃಗಾಲಯದ ಒಂಟಿ ಗಂಡು ಬೋವಾದಿಂದ. ಅದು ಅಪ್ಪಟ ಕೆಂಬಾಲದ ಉಪಜಾತಿ. ಅದೇ ಉಪಜಾತಿಯ ಹೆಣ್ಣು ಬೇಕೆಂದು ಅವರು ಕೇಳಿದರು. ಪುಟ್ಟಿ ಪೊರೆ ಬಿಟ್ಟ ಮರುದಿನವೇ ಬಂದು ನೋಡಿದ ನಮ್ಮ ಮೇಲ್ವಿಚಾರಕರು ಮಾತು ಕೊಟ್ಟೂಬಿಟ್ಟರು. “ಗಂಡಿನ ಕಡೆಯೋರು ಕಾಯ್ತಿದಾರೆ. ಒಂದ್ಸಲ ನೋಡಿ ಹೂಂ ಅಂದ್ಬಿಡಿ ಅಕ್ಕ.”

ಹೂಂ ಎಂದರೆ ಪುಟ್ಟಿ ಹೊರಟಂತೆ. ಹೋದ ಹಾವು ವಾಪಸ್ ಬರುವುದಿಲ್ಲ.

“ಪೊರೆ ಬಿಟ್ಟ ಹೊಸದ್ರಲ್ಲಿ ಯಾವ ಬೋವಾ ಬಾಲ ಆದ್ರೂ ಕೆಂಪಾಗೇ ಕಾಣತ್ತೆ. ಸ್ವಲ್ಪ ದಿನ ಕಾಯಿರಿ,” ಎಂದರು ಅಕ್ಕ.

ಹೊಳಪು ಇಳಿದ ಮೇಲೆ ಪುಟ್ಟಿಯನ್ನು ಮೇಜಿನ ಮೇಲೆ ಮಲಗಿಸಿದೆವು. ಕೆಂಬಾಲದ ಬೋವಾ ಮತ್ತು ಸಾಮಾನ್ಯ ಬೋವಾ ಮೇಲ್ನೋಟಕ್ಕೆ ಒಂದೇ ಅಚ್ಚು. ಮೊದಲನೆಯದರ ಬೆನ್ನಿನ ಪಟ್ಟೆಗಳು ಕಡಿಮೆ, ಅಂಚು ಚೂಪಾಗಿ ರೆಕ್ಕೆಯ ಹಾಗೆ ಚಾಚಿರುತ್ತದೆ. ನೆತ್ತಿಯ ಗೆರೆ ಸಾಮಾನ್ಯವಾಗಿ ನೆಟ್ಟಗೆ ಓಡುತ್ತದೆ. ಎರಡನೆಯದರಲ್ಲಿ ಪಟ್ಟೆಗಳು ಹೆಚ್ಚು, ನೆತ್ತಿಯ ಗೆರೆಗೆ ಕಣ್ಣುಗಳ ನಡುವೆ ಶಿಲುಬೆಯ ಹಾಗೆ ಅಡ್ಡ ಕೈಗಳು, ಬಾಲ ಇಟ್ಟಿಗೆಯ ಬಣ್ಣ. ಯಾವ ಗುರುತನ್ನೂ ಒಂಟಿಯಾಗಿ ನಂಬುವಂತಿಲ್ಲ. ಜೊತೆಗೆ ಬೆರಕೆಗಳ ಕಾಟ ಬೇರೆ.

ಅಕ್ಕ ಪಟ್ಟೆ ಎಣಿಸಲು ನನ್ನನ್ನು ಬಿಟ್ಟರು. ಪಟ್ಟೆಗಳು ಜಾಸ್ತಿಯೇ ಬಂದವು. ಹಿಗ್ಗಿ ಹೀರೇಕಾಯಿಯಾಗಿ ಹೇಳಿದೆ.

“ಇಲ್ಲಿ ಎರಡು ಪಟ್ಟೆ ಅಂಟ್ಕೊಂಡಿದೆ. ಎಷ್ಟು ಅಂತ ಎಣಿಸ್ದೆ?”

“ಎರಡು.”

“ಆಚೆ ಬದೀಲೂ ಹೀಗೇ ಇದೆ, ಅಲ್ಲಿ?”

ಅಲ್ಲೂ ಎರಡೇ. ಒಂದೆಂದು ಎಣಿಸಲು ನನ್ನ ಮನಸ್ಸು ಒಪ್ಪಿರಲಿಲ್ಲ. ಪುಟ್ಟಿ ಉಳಿಯಬೇಕೆಂದು ನನಗೂ ಇತ್ತು. ಕಣ್ಣು ಮನಸ್ಸಿನ ಕೂಲಿಯಾಳು ಎಂದು ಅವತ್ತು ಗೊತ್ತಾಯಿತು. ಮತ್ತೆ ಎಣಿಸಿದೆ. ಜಿಪುಣತನದಿಂದ ಎಣಿಸಿದರೂ ಪಟ್ಟೆ ಹೆಚ್ಚೇ. ನೆತ್ತಿಯ ಅಡ್ಡ ಕೈಗಳಂತೂ ಎದ್ದು ಕಾಣುತ್ತಿದ್ದವು.

“ಇದು ಕೆಂಬಾಲದ್ದಲ್ಲ,” ಎಂದು ಅಕ್ಕ ಹೇಳಿದಾಗ ಮೇಲ್ವಿಚಾರಕರು ಹುಬ್ಬೇರಿಸಿದರು. “ಬೇಜಾರಾಗ್ಬೇಡಿ. ನಿಮಗೆ ಅದನ್ನ ಕಳಿಸೋಕೆ ಮನಸ್ಸಿಲ್ಲ, ಅಲ್ವಾ?”

“ಸುತರಾಂ ಇಲ್ಲ. ಅದಕ್ಕೇ ನನ್ನ ಮಾತು ಹಿಡ್ಕೋಬೇಡಿ. ಫೋಟೋ ತೆಗೆದು ಅವರಿಗೇ ಕಳಿಸಿ. ನಾನು ಹೀಗಂದೆ ಅಂತ ಮಾತ್ರ ಹೇಳ್ಬೇಡಿ.”

ಉತ್ತರ ಬರುವವರೆಗೆ ಅಕ್ಕ ಪುಟ್ಟಿಯ ಗೂಡಿನ ಕೆಲಸವನ್ನೆಲ್ಲ ನನಗೆ ವಹಿಸಿದರು. ತಾವು ಅತ್ತ ಸುಳಿಯಲಿಲ್ಲ. ಹೋಗುವುದಾದರೆ ಅಭ್ಯಾಸವಿರಲಿ ಎಂದಿರಬೇಕು. ಯಾರಿಗೆ ಅಭ್ಯಾಸ ಎಂದು ನಾನು ಕೇಳಲಿಲ್ಲ.

ಕೊನೆಗೆ ಉತ್ತರ ಬಂತು: ಸಾಮಾನ್ಯ ಬೋವಾ, ನಮಗೆ ಬೇಡ. ಮೇಲ್ವಿಚಾರಕರು ‘ಕೆಂಬಾಲದ ಬೋವಾ’ ಎಂದು ಬರೆದಿದ್ದ ಗೂಡಿನ ಬೋರ್ಡ್ ಬದಲಾಯಿಸಲು ಹೇಳಿ ಹೋದರು. ಅಕ್ಕ ಅಂಗಿಯ ತೋಳು ಮಡಚಿಕೊಂಡು, ಗೂಡಿನ ಬಾಗಿಲು ತೆಗೆದು, ನೀರಿನ ತೊಟ್ಟಿಯನ್ನು ತಾವೇ ತಿಕ್ಕತೊಡಗಿದರು. ನಾನು ಸರಿಯಾಗಿ ತಿಕ್ಕಿರಲಿಲ್ಲವಂತೆ.

ಬೋರ್ಡಿನ ಮೊಳೆ ಕೀಳುತ್ತಾ ನಾನು ಬಾಯಿ ಸುಮ್ಮನಿಡಲಾರದೆ ಕೇಳಿದೆ: “ಅಕ್ಕ, ಇದು ಅಪ್ಪಟ ಕೆಂಬಾಲದ್ದೇ ಆಗಿದ್ದು, ಅದು ನಿಮಗೊಬ್ಬರಿಗೇ ಗೊತ್ತಾಗಿದ್ದಿದ್ರೆ ಹೇಳ್ತಿದ್ರಾ?”

“ಹೇಳ್ತಿರ್ಲಿಲ್ಲ,” ಎಂದರು.